ಬಿಟ್ಟುಹೋದ ಗುಡಿಸು

ಅದೇ ಮನೆ, ಹೊಲಿಗೆಯ ಕೋಣೆ
ಭಾನುವಾರ, ಮಾರ್ಚ್ ೯

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಏಣಿ ಹತ್ತುವಾಗ ಮಂಡಿ ಹಿಡಿಯುತ್ತದೆ ಎಂದು ಹೋದ ವರ್ಷದ ಹಿಂದಿನ ವರ್ಷ ಬರೆದಿದ್ದೆ. ಈಗಲೂ ಎತ್ತರದ ಬೋರ್ಡುಗಳನ್ನು ನೀನೇ ಹತ್ತಿ ಬರೆಯುತ್ತೀಯೋ, ಇಲ್ಲ ನೆಲದ ಮೇಲೆ ಕೂತು ಮಾಡುವಂಥ ಕೆಲಸ ಮಾತ್ರ ಹಿಡಿಯುತ್ತೀಯೋ? ಬಣ್ಣದ ವಾಸನೆಗೆ ಕೆಮ್ಮು ಬರುತ್ತಿತ್ತಲ್ಲ, ಕಡಿಮೆಯಾಯಿತೇ? ಕೇಳುವುದೇನೋ ಕೇಳುತ್ತಿದ್ದೇನೆ, ಉತ್ತರ ಮೊದಲೇ ಗೊತ್ತು: "ಚೆನ್ನಾಗಿದ್ದೀನಿ. ನೀನೂ ಚೆನ್ನಾಗಿರು." ಇಪ್ಪತ್ತೇಳು ವರ್ಷಗಳಿಂದ ವರ್ಷಕ್ಕೊಂದು ಕಾರ್ಡು, ಕಾರ್ಡಿಗೆ ಎರಡು ಸಾಲು, ಬಹಳ ಮನಸ್ಸು ಬಂದರೆ ಮಂಡಿಯ ಬಗ್ಗೆ ಅರ್ಧ ಸಾಲು. ಕಂಡವರ ಅಂಗಡಿಗಳಿಗೆಲ್ಲ ಆಳೆತ್ತರದ ಅಕ್ಷರ ಬರೆಯುವವನಿಗೆ ಸ್ವಂತ ತಂಗಿಗೆ ನಾಲ್ಕು ಮಾತು ಬರೆಯಲು ಕೈ ಬರುವುದಿಲ್ಲ. ಇರಲಿ. ಜಗಳಕ್ಕೆ ಕೂತಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಪೆನ್ನು ಹಿಡಿದೆ. ಮೊದಲ ಪ್ಯಾರಾ ಮುಗಿಯುವ ಮೊದಲೇ ಜಗಳ ಬಂತು.

ನಮ್ಮ ಕಡೆ ನಾನು ಗಟ್ಟಿಯಾಗಿದ್ದೇನೆ. ಇವರೂ ಗಟ್ಟಿಯಾಗಿದ್ದಾರೆ, ಬೆಳಗಿನ ಪೇಪರಿನ ಪದಬಂಧ ಮುಗಿಯದೆ ಕುರ್ಚಿ ಬಿಟ್ಟು ಏಳುವುದಿಲ್ಲ, ಅದು ಮುಗಿಯುವುದೂ ಇಲ್ಲ. ಡಿಸೆಂಬರಿನಲ್ಲಿ ಅಪ್ಪನಿಗೆ ಪಾರ್ಶ್ವವಾಯು ಆಯಿತು ಎಂದು ಬರೆದಾಗ ಮಾತ್ರ ನಿನ್ನಿಂದ ಪೂರ್ತಿ ಮೂರನೆಯ ಸಾಲು ಬಂತು, ಒಪ್ಪಿದೆ: "ಅಪ್ಪನ್ನ ಚೆನ್ನಾಗಿ ನೋಡ್ಕೋ." ನೋಡಿಕೊಳ್ಳದೆ ಇನ್ನೇನು ಮಾಡುತ್ತಿದ್ದೇನೆ ಅಂದುಕೊಂಡೆ? ಅವರ ಬಲಗೈ ಪೂರ್ತಿ ಹೋಗಿದೆ. ಐವತ್ತು ವರ್ಷ ಕತ್ತರಿ ಹಿಡಿದ ಕೈ ಈಗ ಯಾರೋ ಮರೆತುಹೋದ ಕೈಗವಸಿನ ಹಾಗೆ ತೊಡೆಯ ಮೇಲೆ ಬಿದ್ದಿರುತ್ತದೆ. ಬೆಳಿಗ್ಗೆ ನಾನು ತಿನ್ನಿಸುತ್ತೇನೆ, ಮಧ್ಯಾಹ್ನದ ಬಿಡುವಿನಲ್ಲಿ ಫ್ಯಾಕ್ಟರಿಯಿಂದ ಓಡಿಬಂದು ತಿನ್ನಿಸುತ್ತೇನೆ, ಸಂಜೆ ತಿನ್ನಿಸುತ್ತೇನೆ. ಮೂರು ಹೊತ್ತೂ ಈ ನನ್ನ ಬಲಗೈಯಿಂದಲೇ. ಅದು ಯಾವ ಕೈ ಎಂಬುದು ನಿನಗೆ ಗೊತ್ತು. ಒಂದೊಂದು ಚಮಚ ಎತ್ತುವಾಗಲೂ ನನಗೂ ಗೊತ್ತಿರುತ್ತದೆ.

ಕೈಗಿಂತ ಹೆಚ್ಚು ಕಷ್ಟವಾಗಿರುವುದು ನಾಲಿಗೆ. "ಬೇಡ" ಎನ್ನುವುದು ಸ್ಪಷ್ಟವಾಗಿ ಬರುತ್ತದೆ. ಅಪ್ಪನಿಗೆ ಅದು ಯಾವತ್ತೂ ಸ್ಪಷ್ಟವಾಗಿಯೇ ಬರುತ್ತಿತ್ತು. ಅದನ್ನು ಬಿಟ್ಟರೆ ಉಳಿದಿರುವುದು ಒಂದೇ ಮಾತು. ಆಸ್ಪತ್ರೆಯಿಂದ ಬಂದ ಮೂರನೆಯ ದಿನ ಗೋಡೆಗೆ ಒರಗಿ ಕೂತವರು ನನ್ನನ್ನೇ ನೋಡುತ್ತ "ಬಡಸು" ಅಂದರು. ಎರಡು ತಿಂಗಳಿಂದ ನಾವು ಮಾತು ಕೇಳಿಯೇ ಇರಲಿಲ್ಲ, ಇವರಂತೂ ಸಂತೋಷದಿಂದ "ಊಟ ಕೇಳ್ತಿದ್ದಾರೆ ಕಣೇ, ಬಡಿಸು, ಬಡಿಸು" ಎಂದು ಕುಣಿದಾಡಿದರು. ಬಡಿಸಿದೆ. ಎರಡು ಚಮಚ ತಿಂದು ಎಡಗೈಯಿಂದ ತಟ್ಟೆ ತಳ್ಳಿದರು. ತಳ್ಳಿ ಮತ್ತೆ "ಬಡಸು". ಸೂಪು ತಂದೆ, ತಳ್ಳಿದರು. ಮೊಟ್ಟೆ ತಂದೆ, ತಳ್ಳಿದರು. ದಿನಕ್ಕೆ ಹತ್ತು ಸಲ ಇದೇ ನಾಟಕ, ಸಲಕ್ಕೆರಡು ಚಮಚವಾದರೂ ಒಳಗೆ ಹೋಗುತ್ತಿತ್ತು. ಫಿಸಿಯೋ ಮಾಡಿಸಲು ಬರುವ ಹುಡುಗಿ ತೂಕ ನೋಡಿ, "ಅಂಕಲ್ ಒಳ್ಳೆ ಬನ್ನಿನ ಹಾಗೆ ಉಬ್ಬಿದ್ದಾರಲ್ಲ ಅಕ್ಕಾ, ಏನು ಹಾಕ್ತೀರಾ?" ಅಂದಳು. ಒಂದು ದಿನ ನಾನೂ ತಾಳ್ಮೆ ಕಳೆದುಕೊಂಡೆ. "ಬಡಿಸಿದರೆ ತಿನ್ನಲ್ಲ, ತಿಂದರೆ ಸಾಕು ಅನ್ನಲ್ಲ, ನಾನೇನು ಮನುಷ್ಯಳಾ ಮಿಷಿನ್ನಾ?" ಎಂದು ಕೂಗಿ ಚಮಚವನ್ನು ಗೋಡೆಗೆ ಎಸೆದೆ. ಅಪ್ಪ ಹೆದರಲಿಲ್ಲ, ಸಿಟ್ಟಾಗಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ಮತ್ತೆ ಅದೇ ಮಾತು ಅಂದರು. ಅವರ ಕಣ್ಣಲ್ಲಿ ನಾನು ನೀರು ನೋಡಿದ್ದು ಅದೇ ಮೊದಲು, ಅಮ್ಮನನ್ನು ಮಣ್ಣು ಮಾಡಿದ ದಿನವೂ ನೋಡಿರಲಿಲ್ಲ.

ಈಗ ನಿನಗೆ ಗೊತ್ತಿರುವುದನ್ನೇ ನಿನಗೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಾವಿಬ್ಬರೂ ಅದನ್ನು ಒಮ್ಮೆಯೂ ಬಾಯಿಬಿಟ್ಟು ಆಡಿಲ್ಲ. ಕಾಗದದ ಮೇಲೆ ಇಟ್ಟು ನೋಡಿದರೆ ಎಷ್ಟು ದೊಡ್ಡದು ಅಥವಾ ಎಷ್ಟು ಚಿಕ್ಕದು ಎಂದಾದರೂ ತಿಳಿದೀತು. ಚರ್ಚಿಗೆ ಬಿಷಪ್ ಬರುತ್ತಾರೆಂದು ಕರ್ತನ ಭೋಜನದ ಮೇಜಿಗೆ ಹೊಸ ಬಿಳಿಯ ಬಟ್ಟೆ ಹೊಲಿದುಕೊಡುವ ಕೆಲಸ ಅಪ್ಪನಿಗೆ ಬಂದಿತ್ತು. ಅಂಚಿಗೆ ಕೆಂಪು ದಾರದಲ್ಲಿ ಮೂರೇ ಪದ: ಶಾಪದಿಂದ ನಮ್ಮನ್ನು ಬಿಡಿಸಿದನು. ನಿನ್ನ ಅಕ್ಷರ ಚೆನ್ನ ಎಂದು ತೆಳುಕಾಗದದ ಮೇಲೆ ಮಾದರಿ ಬರೆಯುವುದು ನಿನಗೆ, ನನ್ನ ಹೊಲಿಗೆ ಸಣ್ಣ ಎಂದು ಕಸೂತಿ ನನಗೆ. ನನಗೆ ಹದಿನಾರು, ನಿನಗೆ ಹತ್ತೊಂಬತ್ತು. ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದ ನನಗೆ ಕನ್ನಡದ ಅಕ್ಷರ ಅಂದರೆ ಅರ್ಥಕ್ಕಿಂತ ಹೆಚ್ಚಾಗಿ ಆಕಾರ. ಅದಕ್ಕೇ ನೀನು "ಇಂಗ್ಲಿಷ್ ಗುಬ್ಬಿ" ಎಂದು ರೇಗಿಸುತ್ತಿದ್ದೆ. ಮೂರನೆಯ ಪದದ 'ಬ' ಮುಗಿಸಿ ಮುಂದಿನ ಅಕ್ಷರಗಳಿಗೆ ಹೋದೆ, ಸುತ್ತುಗಳನ್ನೆಲ್ಲ ಕೊನೆಗೆ ಒಟ್ಟಿಗೆ ಹಾಕೋಣ ಎಂದು. ಕೊನೆಗೆ ಬಂದಾಗ ಒಂದು ಸುತ್ತಿಗೆ ದಾರ ಸಾಲಲಿಲ್ಲ. ಅಂಗಡಿ ಎರಡು ಬೀದಿಯಾಚೆ, ಬಿಸಿಲು, ಕೈಯಲ್ಲಿ ಅರ್ಧ ಓದಿದ ಪುಸ್ತಕ. ಆ ತಲೆಯ ಮೇಲಿನ ಪುಟ್ಟ ಸುತ್ತು, ಗುಡಿಸು, ಇಲ್ಲದಿದ್ದರೆ ಏನು ಮುಳುಗಿಹೋಗುತ್ತದೆ ಎಂದುಕೊಂಡೆ. ಮರೆತೆ ಅಂತಲ್ಲ ಅಣ್ಣಾ. ಜನ ಕೇಳಿದರೆ ಮರೆತೆ ಎನ್ನುತ್ತಿದ್ದೆನೇನೋ. ಅಂದುಕೊಂಡೇ ಬಿಟ್ಟೆ.

ಬಿಷಪ್ ಮೇಜಿನ ಮುಂದೆ ನಿಂತು ಅಂಚನ್ನು ಎಲ್ಲರಿಗೂ ಕೇಳುವಂತೆ ಓದಿದರು: "ಶಾಪದಿಂದ ನಮ್ಮನ್ನು... ಬಡಿಸಿದನು." "ಬಡಿಸೋದಾದರೆ ಏನೇನಿದೆ ಊಟಕ್ಕೆ?" ಎಂದು ನಕ್ಕರು. ಅವರು ನಕ್ಕ ಮೇಲೆ ಇಡೀ ಚರ್ಚು ನಕ್ಕಿತು. ಮುಂದಿನ ಬೆಂಚಿನ ಹೆಂಗಸೊಬ್ಬರು ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡದ್ದು ಈಗಲೂ ಕಣ್ಣಿಗೆ ಕಟ್ಟಿದೆ. ನಗದೇ ಇದ್ದವರು ಅಪ್ಪ ಒಬ್ಬರೇ. ಹಿಂದಿನ ವರ್ಷ ತಾನೇ ನೀನು ಅಪ್ಪನ ಅಂಗಡಿಯ ಬೋರ್ಡಿನಲ್ಲಿ "ಅಂಗಿ ಹೊಲಿದು ಕೊಡಲಾಗುವುದು" ಎನ್ನುವುದನ್ನು "ಹೊಲಿದು ಕಾಡಲಾಗುವುದು" ಎಂದು ತಿದ್ದಿ ಬೆಲ್ಟಿನ ಏಟು ತಿಂದಿದ್ದೆ. ಹಾಗಾಗಿ ಇದೂ ತಮಾಷೆಯೇ, ಯಾರೋ ಬೇಕೆಂದೇ ಮಾಡಿದ್ದೇ ಎಂದು ಅಪ್ಪನಿಗೆ ಖಾತ್ರಿ. ಅಂಗಳದಲ್ಲಿ ಎಲ್ಲ ಹಿರಿಯರ ಮುಂದೆ ಬಟ್ಟೆಯನ್ನು ಎತ್ತಿ ಹಿಡಿದು, "ದೇವರ ಮಾತನ್ನ ಗೇಲಿ ಮಾಡಿದ ಕೈ ಶಾಪದ ಕೈ. ಆ ಕೈ ಇನ್ಮೇಲೆ ನನ್ನ ಮನೆ ತಟ್ಟೆ ಮುಟ್ಟಬಾರದು" ಅಂದರು. ಅಂದ ಮೇಲೆ ಕೇಳಿದರು: "ಯಾರ ಕೈ ಅದು?" ಅಳತೆ ತೆಗೆಯದೆ ಅಪ್ಪ ಬಟ್ಟೆ ಕತ್ತರಿಸಿದ್ದು ಬದುಕಿನಲ್ಲಿ ಅದೊಂದೇ ಸಲ.

ನಾನು ಬಾಯಿ ತೆರೆದದ್ದು ನಿಜ. ಮಾತು ಹೊರಡುವ ಮೊದಲೇ ನಿನ್ನ ಮಾತು ಹೊರಟಿತ್ತು: "ನಂದೇ. ತಮಾಷೆಗೆ ಬರೆದೆ. ಅವಳಿಗೆ ಕನ್ನಡ ಎಲ್ಲಿ ಬರುತ್ತೆ, ನಾನು ಬರೆದದ್ದರ ಮೇಲೆ ಸೂಜಿ ಓಡಿಸಿದಾಳೆ ಅಷ್ಟೇ." ಮನೆಗೆ ಬಂದು ನೀನು ನೀರಿನ ಟ್ಯಾಂಕಿನ ಹಿಂದೆ ನಿಂತು ಆ ತೆಳುಕಾಗದವನ್ನು, ಗುಡಿಸು ಸರಿಯಾಗಿದ್ದ ಆ ಮಾದರಿಯನ್ನು, ಬಾಯಿಗೆ ಹಾಕಿಕೊಂಡು ಅಗಿದೆ. "ಬಾಯಿ ಬಿಟ್ಟೆ ಅಂದ್ರೆ ನಾನು ನುಂಗಿದ್ದು ದಂಡ ಆಗುತ್ತೆ ಗುಬ್ಬಿ. ಎಷ್ಟು ಗಟ್ಟಿ ಇದೆ ಗೊತ್ತಾ ಈ ದರಿದ್ರ ಕಾಗದ? ಆಣೆ ಮಾಡು." ಮಾಡಿದೆ. ಅರ್ಧ ಗಂಟೆಯಲ್ಲಿ ನೀನು ಒಂದು ಚೀಲ ಹಿಡಿದು ಹೋದೆ. ಅಮ್ಮ ಅಪ್ಪನ ಕಾಲು ಹಿಡಿದುಕೊಂಡರು. "ದೇವರ ಮುಂದೆ ಆಡಿದ ಮಾತು. ವಾಪಸ್ ತಗೊಳ್ಳೋಕೆ ಅದೇನು ಅಳತೆ ತಪ್ಪಿದ ಅಂಗಿನಾ?" ಎಂದರು ಅಪ್ಪ. ನಾಲ್ಕು ದಿನದಲ್ಲಿ ತಣ್ಣಗಾಗುತ್ತಾರೆ ಎಂದು ನಾವೆಲ್ಲ ಕಾದೆವು. ಅಪ್ಪನ ಮಾತು ತಣ್ಣಗಾಗಲಿಲ್ಲ, ಗಟ್ಟಿಯಾಯಿತು.

ಇಷ್ಟು ವರ್ಷ ನಿನಗೆ ಬರೆಯದ ಮಾತು ಒಂದಿದೆ. ನಿನ್ನ ಮೇಲೆ ನನಗೆ ವಿಪರೀತ ಸಿಟ್ಟಿದೆ. ಯಾರು ಕೇಳಿದ್ದರು ನಿನ್ನನ್ನು? ಒಂದೇ ಒಂದು ನಿಮಿಷ ತಡೆದಿದ್ದರೆ ನಾನೇ ಹೇಳುತ್ತಿದ್ದೆ, ಬೈಸಿಕೊಳ್ಳುತ್ತಿದ್ದೆ, ಅಳುತ್ತಿದ್ದೆ, ಮುಗಿಯುತ್ತಿತ್ತು. ಹದಿನಾರರ ಮಗಳನ್ನು ಅಪ್ಪ ಮನೆಯಿಂದ ಹೊರಗೆ ಹಾಕುತ್ತಿರಲಿಲ್ಲ. ಹಾಕುತ್ತಿದ್ದರೋ? ಅದೂ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ಅವಕಾಶವನ್ನೇ ನೀನು ಕಿತ್ತುಕೊಂಡೆ. ಅಂದಿನಿಂದ ನಾನು ಒಳ್ಳೆಯವಳಾಗಿ ಬದುಕಬೇಕಾಯಿತು. ನಿನಗೆ ಅಂದಾಜಿಲ್ಲ ಅದು ಎಂಥ ದಣಿವು ಎಂದು. ಹಟ ಹಿಡಿದು ಕನ್ನಡ ಕಲಿತು ಪರೀಕ್ಷೆ ಕಟ್ಟಿದೆ. ಈ ಪತ್ರದಲ್ಲಿ ಒಂದು ಗುಡಿಸು ತಪ್ಪಿದ್ದರೆ ಹುಡುಕು ನೋಡೋಣ. ಒಂದು ಭಾನುವಾರ ಚರ್ಚು ತಪ್ಪಿಸಲಿಲ್ಲ, ಅಪ್ಪನ ಒಂದು ಮಾತು ಮೀರಲಿಲ್ಲ. ಮದುವೆಯನ್ನು ಮೂವತ್ತೈದರ ತನಕ ಮುಂದೂಡಿ, ಇವರು ಈ ಮನೆಗೇ ಬಂದು ಇರಲು ಒಪ್ಪಿದ ಮೇಲೆಯೇ ಹೂಂ ಅಂದೆ. ಇಷ್ಟೆಲ್ಲ ಮಾಡಿದರೆ ನೀನು ಮಾಡಿದ್ದಕ್ಕೆ ಸಮವಾದೀತು ಎಂಬ ಆಸೆ. ಪ್ರತಿ ವರ್ಷ ನಿನ್ನ ಎರಡು ಸಾಲಿನ ಕಾರ್ಡು ಬರುತ್ತಿತ್ತು, ಒಂದು ದೂರೂ ಇಲ್ಲದೆ, ಮತ್ತೆ ನಾನು ಮೊದಲಿನಿಂದ ಶುರುಮಾಡಬೇಕಾಗುತ್ತಿತ್ತು. ಒಂದು ಬೈಗುಳವನ್ನಾದರೂ ಬರೆದಿದ್ದರೆ ಎಷ್ಟು ನೆಮ್ಮದಿಯಾಗುತ್ತಿತ್ತು!

ಅಮ್ಮನ ಮಣ್ಣಿಗೆ ನೀನು ಬಂದ ದಿನ ಇನ್ನೂ ಕೆಟ್ಟದ್ದು. ಒಂಬತ್ತು ವರ್ಷವಾಯಿತು. ಎಲ್ಲರೂ ಒಳಗೆ ಊಟಕ್ಕೆ ಕೂತಿದ್ದರು, ನೀನು ಗೇಟಿನ ಹೊರಗಿನ ನಲ್ಲಿಗೆ ಬಾಯಿಯೊಡ್ಡಿ ನೀರು ಕುಡಿದು ಅಲ್ಲಿಂದಲೇ ಹೊರಟೆ. ತಟ್ಟೆ ಹಿಡಿದು ಬಂದ ನನಗೆ "ಬೇಡ ಗುಬ್ಬಿ, ಅಪ್ಪನ ಮಾತು ಇದೆಯಲ್ಲ" ಅಂದೆ. ನಿನಗೆ ಹಾಕಿದ ಶಾಪವನ್ನು ನಿನ್ನಷ್ಟು ನಿಯತ್ತಾಗಿ ಪಾಲಿಸಿದವರನ್ನು ನಾನು ಕಂಡಿಲ್ಲ. ಅಪ್ಪ ಅದನ್ನು ಕಿಟಕಿಯಿಂದ ನೋಡುತ್ತಿದ್ದರು. ಅದರ ಮುಂದಿನ ಭಾನುವಾರದಿಂದ ಅವರು ಕರ್ತನ ಭೋಜನಕ್ಕೆ ಏಳುವುದನ್ನು ಬಿಟ್ಟರು. ಹಿಂದಿನ ಬೆಂಚಿನಲ್ಲಿ ಕೂತು, ಎಲ್ಲರೂ ಮೇಜಿನ ಹತ್ತಿರ ಹೋಗುವಾಗ ತಲೆ ತಗ್ಗಿಸುತ್ತಿದ್ದರು. ಎಷ್ಟು ದೀನತೆ ಎಂದು ಜನ ಹೊಗಳಿದರು. ನಾನು ಒಮ್ಮೆ ಕೇಳಿದಾಗ, "ಶಾಪ ಹಾಕಿದ ನಾಲಿಗೆ ಮೇಲೆ ಅದನ್ನ ಹೇಗೆ ಇಟ್ಕೊಳ್ಳಲಿ?" ಅಂದರು. "ಹಾಗಾದರೆ ಮಾತು ವಾಪಸ್ ತಗೊಳ್ಳಿ ಅಪ್ಪಾ" ಅಂದೆ. ನನ್ನ ಮುಖವನ್ನೇ ಬಹಳ ಹೊತ್ತು ನೋಡಿ, "ಆಗಲ್ಲ" ಅಂದರು. ಆ ನೋಟದ ಅರ್ಥ ನನಗೆ ಆಗ ತಿಳಿಯಲಿಲ್ಲ. ಮೊಂಡುತನ ಅಂದುಕೊಂಡೆ.

ಹದಿನೈದು ದಿನದ ಹಿಂದೆ ಪಾಸ್ಟರ್ ಬಂದಿದ್ದರು. ಹೊಸಬರು, ಚಿಕ್ಕ ವಯಸ್ಸು, ಒಳ್ಳೆಯ ಮನುಷ್ಯ. ಅಪ್ಪನ ಮಂಚದ ಪಕ್ಕ ಕೂತು ಮಗುವಿಗೆ ಹೇಳುವ ಹಾಗೆ ಹೇಳಿದರು: "ನೋಡಿ ಅಂಕಲ್, ಧರ್ಮಶಾಸ್ತ್ರ ಹೇಳೋದು ಎಲ್ಲಾನೂ ಮಾಡು ಅಂತ. ಒಂದು ತಪ್ಪಿದ್ರೂ ಶಾಪ. ಯಾರ ಕೈಲಾಗುತ್ತೆ? ಅದಕ್ಕೇ ಯೇಸುಸ್ವಾಮಿ ಆ ಶಾಪಾನ ತನ್ನ ಮೈಮೇಲೆ ಎಳಕೊಂಡು ಶಿಲುಬೆ ಮೇಲೆ ತೂಗಿದ. ನೀವು ಮಾಡೋಕೆ ಏನೂ ಉಳಿಸಿಲ್ಲ ಆತ. ನಂಬಿದರೆ ಸಾಕು." ಅಪ್ಪ ಅವರ ಅಂಗಿಯ ತೋಳನ್ನು ಎಡಗೈಯಿಂದ ಹಿಡಿದು "ಬಡಸು, ಬಡಸು" ಅಂದರು. ಪಾಸ್ಟರ್ ನನ್ನ ಕಡೆ ತಿರುಗಿ, "ಹಸಿವಾಗಿದೆ ಅನ್ಸುತ್ತೆ ಅಕ್ಕಾ, ನಾನು ಇನ್ನೊಂದು ದಿನ ಬರ್ತೀನಿ" ಎಂದು ಎದ್ದರು. ನಾನು ಬಾಗಿಲು ಹಾಕಿ ಅಲ್ಲೇ ನಿಂತೆ. ಸಾಕು ಎನ್ನುವ ಪದ ಎಷ್ಟು ಸಲೀಸಾಗಿ ಬರುತ್ತದೆ ಇವರ ಬಾಯಲ್ಲಿ! ಶಿಲುಬೆಯ ಮೇಲಿನವನು ನನಗಾಗಿ ಶಾಪ ಹೊತ್ತ ಎಂದು ನಾನೂ ಪ್ರತಿ ಭಾನುವಾರ ಹಾಡಿ ಒಪ್ಪುತ್ತೇನೆ. ಸುಲಭ, ಆತನ ಮಂಡಿ ನೋವು ನನಗೆ ಕಾರ್ಡಿನಲ್ಲಿ ಬರುವುದಿಲ್ಲ. ನೀನು ಹೊತ್ತದ್ದನ್ನು ಮಾತ್ರ ಇಪ್ಪತ್ತೇಳು ವರ್ಷವಾದರೂ ಒಪ್ಪಿಕೊಳ್ಳಲಾಗಲಿಲ್ಲ. ಕಣ್ಣೆದುರಿನದನ್ನು ಒಪ್ಪಲಾಗದವಳು ಕಾಣದ್ದನ್ನು ಒಪ್ಪಿದ್ದು ನಿಜವೇ? ಅಥವಾ ಅಲ್ಲಿಯೂ ಒಳಗೊಳಗೆ ಒಳ್ಳೆಯವಳಾಗಿ ಸರಿಗಟ್ಟುತ್ತಲೇ ಇದ್ದೇನೆಯೇ? ಅವತ್ತು ಅಡುಗೆಮನೆಯ ಪಾತ್ರೆಗಳನ್ನೆಲ್ಲ ಸದ್ದು ಮಾಡುತ್ತ ತೊಳೆದೆ. ಇವರು ಪದಬಂಧದಿಂದ ತಲೆಯೆತ್ತಿ, "ಪಾತ್ರೆ ಏನು ತಪ್ಪು ಮಾಡಿದ್ವು?" ಅಂದರು.

ನನ್ನ ಕೆಲಸವೂ ತಪ್ಪು ಹುಡುಕುವುದೇ, ಗೊತ್ತಲ್ಲ. ಬಟ್ಟೆ ಫ್ಯಾಕ್ಟರಿಯಲ್ಲಿ ಹೊಲಿದು ಬಂದ ಅಂಗಿಗಳನ್ನು ಬೆಳಕಿನ ಕೆಳಗೆ ಹರಡಿ, ಹೊಲಿಗೆ ಎಲ್ಲಿ ತಪ್ಪಿದೆಯೋ ಅಲ್ಲಿ ಬಾಣದ ಆಕಾರದ ಪುಟ್ಟ ಕೆಂಪು ಸ್ಟಿಕ್ಕರ್ ಅಂಟಿಸುತ್ತೇನೆ. ಹೆಂಗಸರು ಬೆನ್ನ ಹಿಂದೆ ನನ್ನನ್ನು "ಕೆಂಪು ಬಾಣ" ಎನ್ನುತ್ತಾರೆ. ಬಾಣ ಬಿದ್ದ ಅಂಗಿಗೆ 'ಆಲ್ಟರ್' ಎಂದು ಹೆಸರು. ಚರ್ಚಿನ ಮೇಜಿಗೂ ಇಂಗ್ಲಿಷಿನಲ್ಲಿ ಅದೇ ಉಚ್ಚಾರಣೆ ಎಂದು ಒಮ್ಮೆ ಅಪ್ಪನಿಗೆ ಹೇಳಿದಾಗ, "ತಪ್ಪಿದ್ದೆಲ್ಲಾ ಅಲ್ಲಿಗೇ ತಾನೇ ಹೋಗಬೇಕು" ಅಂದಿದ್ದರು. ಅಪ್ಪ ತಮಾಷೆ ಮಾಡಿದರೋ ನಿಜವಾಗಿ ಅಂದರೋ ಯಾವತ್ತು ಗೊತ್ತಾಗಿದೆ? ಆಲ್ಟರ್ ಅಂಗಿಗಳ ಹೊಲಿಗೆ ಬಿಡಿಸುವುದಕ್ಕೆಂದೇ ಒಬ್ಬ ವಯಸ್ಸಾದ ಹೆಂಗಸು ಇದ್ದಾರೆ, ನಾವೆಲ್ಲ ಆಲ್ಟರ್ ಅಕ್ಕ ಎನ್ನುತ್ತೇವೆ. ಹೋದ ಗುರುವಾರ ಕಾಲರ್ ತಿರುಚಿ ಹೊಲಿದಿದ್ದ ಒಂದು ಅಂಗಿ ಬಂತು. ನನಗೆ ತಲೆ ಕೆಟ್ಟಿತ್ತು. ಹೊಲಿದ ಹುಡುಗಿಯನ್ನು ಕರೆದು, "ನೀನೇ ಮಾಡಿದ್ದು, ನೀನೇ ಕೂತು ಬಿಡಿಸು" ಎಂದು ಅಂಗಿಯನ್ನು ಅವಳ ಮುಂದೆ ಎಸೆದೆ. ಆಲ್ಟರ್ ಅಕ್ಕ ಸುಮ್ಮನೆ ಬಂದು ಅದನ್ನು ಎತ್ತಿಕೊಂಡರು. "ತಪ್ಪಿದ ಕೈಗೇ ಬಿಡಿಸೋಕೆ ಕೊಟ್ರೆ ಬಟ್ಟೆ ಹರೀತದೆ ಮೇಡಂ. ಕೈ ನಡುಗ್ತಿರ್ತದೆ. ಅದಕ್ಕೇ ಅಲ್ವಾ ನನ್ನ ಇಟ್ಟಿರೋದು?" ಎಂದು, ಸೂಜಿಯನ್ನು ತುಟಿಗಳ ನಡುವೆ ಕಚ್ಚಿಕೊಂಡು, ಅಂಗಿ ತಿರುಗಿಸಿ, "ತೋಳೂ ಬಡಸಬೇಕಾ ಮೇಡಂ?" ಅಂದರು.

ತುಟಿ ಅಗಲವಾಗದೆ 'ಬಿ' ಹುಟ್ಟುವುದಿಲ್ಲ ಅಣ್ಣಾ. ಸೂಜಿ ಕಚ್ಚಿದ ಬಾಯಿಂದಲೂ ಹುಟ್ಟುವುದಿಲ್ಲ, ಒಂದು ಕಡೆಗೆ ವಾಲಿದ ಬಾಯಿಂದಲೂ ಹುಟ್ಟುವುದಿಲ್ಲ. ನಾನು ಆ ಸ್ಟಿಕ್ಕರ್ ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡೇ ಮನೆಗೆ ಓಡಿದೆ. ಎರಡು ತಿಂಗಳ ಮೌನ, ಮೂರು ವಾರದ ಸೂಪು, ಮೊಟ್ಟೆ, ಎಸೆದ ಚಮಚ! ಪರೀಕ್ಷೆ ಕಟ್ಟಿ ಕನ್ನಡ ಕಲಿತವಳಿಗೆ ಸ್ವಂತ ಅಪ್ಪನ ಬಾಯಿಂದ ಬಿದ್ದುಹೋದ ಗುಡಿಸು ಕೇಳಿಸಲಿಲ್ಲ. "ಬಿಡಿಸು ಅಂತೀರಾ ಅಪ್ಪಾ?" ಎಂದು ಕೇಳಿದೆ. ಅವರು ಕಣ್ಣು ಮುಚ್ಚಿ ಹೂಂ ಎಂದು ತಲೆಯಾಡಿಸಿದರು. ಅಮ್ಮನ ಬಾಯಲ್ಲಿ ಆ ಪದಕ್ಕೆ ಎಷ್ಟು ಅರ್ಥಗಳಿದ್ದವು! ಬಟಾಣಿ ಬಿಡಿಸು, ಕೂದಲ ಸಿಕ್ಕು ಬಿಡಿಸು, ಲೆಕ್ಕ ಬಿಡಿಸು, ಜಗಳ ಬಿಡಿಸು. ನಾನು ಅಂಗಿಯ ಗುಂಡಿ ತೋರಿಸಿದೆ, ಕಿತ್ತಳೆ ಹಣ್ಣು ತೋರಿಸಿದೆ. "ಬೇಡ." ಕೊನೆಗೆ ಎಡಗೈ ಎತ್ತಿ ಹೊಲಿಗೆಯಂತ್ರದ ಕೆಳಗಿನ ಟ್ರಂಕು ತೋರಿಸಿದರು. ಅದರ ಬೀಗದ ಕೈ ಅವರ ಸೊಂಟದ ದಾರದಲ್ಲೇ ಇತ್ತು, ಆಸ್ಪತ್ರೆಯಲ್ಲೂ ಬಿಚ್ಚಲು ಬಿಟ್ಟಿರಲಿಲ್ಲ.

ತಳದಲ್ಲಿ ಆ ಬಟ್ಟೆಯಿತ್ತು. ಸುಟ್ಟುಹಾಕಿರುತ್ತಾರೆ ಎಂದುಕೊಂಡಿದ್ದೆ. ಅವರ ತೊಡೆಯ ಮೇಲೆ ಹರಡಿದೆ. ಅಪ್ಪ ಎಡಗೈ ಬೆರಳನ್ನು ಅಂಚಿನ ಮೇಲೆ ನಿಧಾನವಾಗಿ ನಡೆಸುತ್ತ ಬಂದು ಮೂರನೆಯ ಪದದ ತಲೆಯ ಮೇಲೆ ನಿಲ್ಲಿಸಿದರು. ಬಗ್ಗಿ ನೋಡಿದೆ. ಕೆಂಪು 'ಬ'ದ ನೆತ್ತಿಯ ಮೇಲೆ, ದಾರವಿಲ್ಲದ ಜಾಗದಲ್ಲಿ, ನೀಲಿ ಕಾರ್ಬನ್ನಿನ ಪುಟ್ಟ ಸುತ್ತು. ತೆಳುಕಾಗದದ ಅಕ್ಷರ ಬಟ್ಟೆಗೆ ಇಳಿಯಲು ನಾವು ಕಾರ್ಬನ್ ಇಟ್ಟು ತಿದ್ದಿದ್ದೆವಲ್ಲ! ಒಗೆಯದ ಬಟ್ಟೆ, ಅಳಿಸಿಲ್ಲ. ನೀನು ಕಾಗದ ನುಂಗಿದ್ದು ದಂಡ, ಪುಣ್ಯಾತ್ಮ. ಗುಡಿಸು ಬರೆದದ್ದು ಯಾರು, ಹೊಲಿಯದೆ ಬಿಟ್ಟದ್ದು ಯಾರು ಎಂದು ಆ ಬಟ್ಟೆ ಮೊದಲ ದಿನದಿಂದ ಹೇಳುತ್ತಲೇ ಇತ್ತು. ಐವತ್ತು ವರ್ಷ ಬಟ್ಟೆಯ ಮೇಲೆ ಗೆರೆ ನೋಡಿದ ಕಣ್ಣಿಗೆ ಅದು ಕಾಣದೆ ಹೋಗುತ್ತದೆಯೇ? ನಾನು ಅವರ ಕಾಲ ಬಳಿ ಕೂತು, "ನನ್ನ ಕೈ ಅಪ್ಪಾ. ದಾರ ಸಾಲಲಿಲ್ಲ, ನಾನೇ ಬಿಟ್ಟೆ, ಅಣ್ಣ ಅಲ್ಲ" ಅಂದೆ. ಅಷ್ಟು ವರ್ಷ ಗಂಟಲಲ್ಲಿ ಇದ್ದದ್ದು ಒಂದೇ ಉಸಿರಿಗೆ ಮುಗಿದುಹೋಯಿತು. ಅಪ್ಪನ ಮುಖದಲ್ಲಿ ಆಶ್ಚರ್ಯವಿರಲಿಲ್ಲ. "ಗೊತ್ತಿತ್ತಾ?" ಎಂದೆ. ತಲೆಯಾಡಿಸಿದರು. ಮಾತು ವಾಪಸ್ ತೆಗೆದುಕೊಳ್ಳಿ ಎಂದಾಗ ನನ್ನ ಮುಖ ಏಕೆ ಹಾಗೆ ನೋಡಿದ್ದರು ಎಂದು ಆಗ ತಿಳಿಯಿತು. ನಿನ್ನ ಮೇಲಿಂದ ಎತ್ತಿದರೆ ಅದು ನನ್ನ ಮೇಲೆ ಬೀಳಬೇಕಿತ್ತು. ಕೆಳಗಿಡಲು ಅವರ ಶಾಸ್ತ್ರದಲ್ಲಿ ಜಾಗವೇ ಇರಲಿಲ್ಲ. ಒಂದು ಸುತ್ತು ದಾರಕ್ಕಾಗಿ ಮೂರು ಜನ ಮೂರು ಮೂಲೆಯಲ್ಲಿ, ಒಬ್ಬರನ್ನೊಬ್ಬರು ಕಾಪಾಡುತ್ತಿದ್ದೇವೆ ಎಂದುಕೊಂಡು, ಇಪ್ಪತ್ತೇಳು ವರ್ಷ! ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಅಪ್ಪನ ಮೇಲೆ, ನಿನ್ನ ಮೇಲೆ, ಹದಿನಾರರ ಆ ಹುಡುಗಿಯ ಮೇಲೆ.

ಆಮೇಲೆ ಅಪ್ಪ ಒಂದು ಕೆಲಸ ಮಾಡಿದರು. ಎಡಗೈಯಿಂದ ನನ್ನ ಬಲಗೈ ಹಿಡಿದರು, ಪಕ್ಕದ ಸ್ಟೂಲಿನ ಮೇಲಿದ್ದ ಮಧ್ಯಾಹ್ನದ ತಟ್ಟೆಯ ಮೇಲೆ ಇಟ್ಟರು, ಅದರ ಮೇಲೆ ತಮ್ಮ ಕೈ ಒತ್ತಿ ಹಿಡಿದರು. "ಬಡಸು" ಅಂದರು. ಈ ಸಲ ಅದರಲ್ಲಿ ಗುಡಿಸು ಇತ್ತೋ ಇರಲಿಲ್ಲವೋ ನನಗೆ ತಿಳಿಯಲಿಲ್ಲ. ಬಡಿಸಿದೆ. ಪೂರ್ತಿ ತಿಂದರು. ಒಂದು ಅಗುಳೂ ತಳ್ಳಲಿಲ್ಲ.

ಸಿಟ್ಟು ಇಳಿದಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನಿನಗೆ ಕೊಟ್ಟ ಆಣೆಯನ್ನು ಮುರಿದಿದ್ದೇನೆ, ಅದಕ್ಕೆ ಕ್ಷಮೆ ಕೇಳುವುದಿಲ್ಲ. ಇವರಿಗೂ ಹೇಳಿದೆ. ಪೇಪರು ಮಡಿಸಿಟ್ಟು, "ಅದಕ್ಕೇ ನೀನು ನನ್ನ ಪದಬಂಧದಲ್ಲೂ ಗುಡಿಸು ತಿದ್ದೋದು" ಅಂದರು. ಎಂಥ ಗಂಡ! ಮೈ ನೋಡಿಕೋ, ಏಣಿ ಹತ್ತಬೇಡ. ಇವರು ನಿನಗೆ ನಮಸ್ಕಾರ ತಿಳಿಸಲು ಹೇಳಿದ್ದಾರೆ. ಗೇಟಿನ ಹೊರಗೆ ನಿಂತು ನೀನು ಕುಡಿದ ಆ ನೀರಿನ ನೆನಪು ಈ ಮನೆಯಿಂದ ತೊಳೆದುಹೋಗಲಿ ಎಂದು ದಿನವೂ ಕೇಳಿಕೊಳ್ಳುತ್ತೇನೆ. ಕರ್ತನು ನಿನ್ನ ಕೈಯನ್ನೂ ಕುಂಚವನ್ನೂ ಕಾಯಲಿ.

ನಿನ್ನ ತಂಗಿ,
ಗುಬ್ಬಿ

ತಾ.ಕ.: ಅಂಚೆಪೆಟ್ಟಿಗೆ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತಿದ್ದೇನೆ. ಇವತ್ತು ಊಟಕ್ಕಿಡುವಾಗ ಅಪ್ಪ ನಾಲ್ಕು ಬೆರಳು ತೋರಿಸಿದರು. ನಾವಿರುವುದು ಮೂವರು. ನಾಲ್ಕನೆಯ ತಟ್ಟೆ ಇಟ್ಟ ಮೇಲೆಯೇ ಬಾಯಿ ತೆರೆದರು, ಅದನ್ನು ಎತ್ತಲೂ ಬಿಡಲಿಲ್ಲ. ಮುಂದಿನ ಭಾನುವಾರ ಪಾಸ್ಟರ್ ಕರ್ತನ ಭೋಜನವನ್ನು ಮನೆಗೇ ತರುತ್ತೇನೆ ಎಂದಿದ್ದಾರೆ. ಒಂಬತ್ತು ವರ್ಷದ ಮೇಲೆ ಅಪ್ಪ ಹೂಂ ಅಂದಿದ್ದಾರೆ, ಆದರೆ ಆ ಬಟ್ಟೆಯೇ ಹಾಸಬೇಕಂತೆ, ಗುಡಿಸಿನ ಜಾಗ ತೋರಿಸಿ ನಿನ್ನ ಹಳೆಯ ಫೋಟೋ ತೋರಿಸಿದರು. ಆ ಸುತ್ತು ನಾನು ಹಾಕುವುದಿಲ್ಲ ಅಣ್ಣಾ, ನನ್ನ ಕೈ ನಡುಗುತ್ತದೆ. ನೀನೇ ಹಾಕಬೇಕು. ಆ ಕೆಂಪು ಇಲ್ಲಿ ಸಿಗುತ್ತಿಲ್ಲ, ಬರುವಾಗ ದಾರ ತಾ, ಈ ಸಲ ಸ್ವಲ್ಪ ಜಾಸ್ತಿಯೇ ತಾ. ಇನ್ನೊಂದು. ನೀನು ಅವತ್ತು ನನಗೆ ಮಾಡಿದ್ದನ್ನು ತೆಗೆದುಕೊಂಡೆ. ಇನ್ನು ಸರಿಗಟ್ಟಲು ಹೋಗುವುದಿಲ್ಲ, ಸುಮ್ಮನೆ ತೆಗೆದುಕೊಂಡೆ. ನೀನೂ ನಲ್ಲಿಯ ಹತ್ತಿರ ನಿಲ್ಲಬೇಡ, ನೇರ ಒಳಗೆ ಬಾ. ದಾರಿಯಲ್ಲಿ ಏನೂ ತಿನ್ನಬೇಡ. ಹಸಿದು ಬಾ.